ಸಹಾಯ ಬೇಕು: ಅಣ್ಣನ ದಿವಾಳಿ ಅರ್ಜಿ, ನನ್ನ ಜಾಮೀನು

ಎಲ್ಲರಿಗೂ ನಮಸ್ಕಾರ. ವ್ಯಾಪಾರ ನೆಲಕಚ್ಚಿ, ಅಣ್ಣ ದಿವಾಳಿ ಅರ್ಜಿ ಹಾಕಲು ಹೊರಟಿದ್ದಾನೆ. ಕ್ರೆಡಿಟ್ ಕಾರ್ಡ್ ಬಾಕಿ, ಕೈಸಾಲ ಮನ್ನಾ ಆಗಬಹುದು, ಮಕ್ಕಳ ಜೀವನಾಂಶ ತಪ್ಪುವುದಿಲ್ಲ, ಅಡವಿಟ್ಟ ಮನೆಯ ಮೇಲೆ ಬ್ಯಾಂಕಿನ ಹಕ್ಕು ಉಳಿಯುತ್ತದೆ, ಇಷ್ಟು ತಿಳಿದಿದೆ. ನನ್ನ ಚಿಂತೆ ಬೇರೆ. ಅವನ ಒಂದು ಸಾಲದ ಪತ್ರದ ಕೊನೆಯ ಪುಟದಲ್ಲಿ ಜಾಮೀನುದಾರನಾಗಿ ನನ್ನ ಸಹಿ ಇದೆ. ಅವನು ಋಣಮುಕ್ತನಾದರೂ ವಸೂಲಿಗೆ ನನ್ನ ಬಾಗಿಲಿಗೇ ಬರುತ್ತಾರಂತೆ. ಅರ್ಜಿಗೆ ಮುನ್ನ ಅಣ್ಣ ಆ ಸಾಲವೊಂದನ್ನೇ ತೀರಿಸಿಬಿಟ್ಟರೆ, ಸಾಲ ಕೊಟ್ಟ ಉಳಿದವರನ್ನು ಬಿಟ್ಟು ಒಬ್ಬರಿಗೆ ಕೊಟ್ಟಿರೆಂದು ನ್ಯಾಯಾಲಯ ಅದನ್ನು ರದ್ದುಪಡಿಸುತ್ತದೆಯೇ? ಜಾಮೀನುದಾರರಾಗಿ ಬ್ಯಾಂಕಿನೊಂದಿಗೆ ಕಂತು ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಆಸ್ತಿಯನ್ನು ಬೇರೆಯವರ ಹೆಸರಿಗೆ ಬರೆಸಿ ಎನ್ನುವ ಸಲಹೆ ದಯವಿಟ್ಟು ಬೇಡ. ಅದು ವಂಚನೆ, ಸಿಕ್ಕಿಬಿದ್ದರೆ ಅರ್ಜಿಯೇ ಬಿದ್ದುಹೋಗಬಹುದು.