ಅಪ್‌ಡೇಟ್: ಫೋನಿನ ಪಾಪ್‌ಅಪ್ ಕಾಟ ನಿಂತಿತು

ಯಾವ ಆ್ಯಪ್ ತೆರೆಯದಿದ್ದರೂ ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಸ್ಕ್ರೀನ್ ತುಂಬಾ ಜಾಹೀರಾತು ಬರುತ್ತದೆ, ಜೊತೆಗೆ 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಅನ್ನುವ ಮೆಸೇಜು ಬೇರೆ, ಏನು ಮಾಡಲಿ ಎಂದು ಕೇಳಿದ್ದೆ. ಈಗ ಎರಡೂ ನಿಂತಿವೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಎರಡರ ಮೂಲವೂ ಬೇರೆ ಬೇರೆ. ವೈರಸ್ ಮೆಸೇಜು ಬರೀ ಸುಳ್ಳು. ಯಾವುದೋ ವೆಬ್‌ಸೈಟು ಬ್ರೌಸರ್ ಮೂಲಕ ನೋಟಿಫಿಕೇಶನ್ ಕಳಿಸುತ್ತಿತ್ತು. ಮೆಸೇಜಿನಲ್ಲೇ ಸಣ್ಣಗೆ ಸೈಟಿನ ವಿಳಾಸ ಇತ್ತು. ಬ್ರೌಸರಿನ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ಬ್ಲಾಕ್ ಮಾಡಿದೆ, ಮುಗೀತು.

ಜಾಹೀರಾತಿನದ್ದೇ ದೊಡ್ಡ ತಲೆನೋವು. ಸೇಫ್ ಮೋಡ್‌ನಲ್ಲಿ, ಅಂದರೆ ಫೋನಿನ ಜೊತೆಗೇ ಬಂದ ಆ್ಯಪ್‌ಗಳು ಮಾತ್ರ ಓಡುವ ಸ್ಥಿತಿಯಲ್ಲಿ, ಅದು ಬರಲೇ ಇಲ್ಲ. ಹಾಗಾದರೆ ನಾನು ಆಮೇಲೆ ಹಾಕಿಕೊಂಡ ಆ್ಯಪ್‌ಗಳಲ್ಲೇ ಕಳ್ಳ ಇದ್ದಾನೆ. ಫೋನನ್ನು ರೀಸ್ಟಾರ್ಟ್ ಮಾಡಿ ಕಾದೆ. ಜಾಹೀರಾತು ಬಂದ ತಕ್ಷಣ ಮುಚ್ಚದೆ, ಈಚೆಗೆ ತೆರೆದ ಆ್ಯಪ್‌ಗಳನ್ನು ಕಾರ್ಡುಗಳಂತೆ ತೋರಿಸುವ ರೀಸೆಂಟ್ಸ್ ಬಟನ್ ಒತ್ತಿದೆ. ಜಾಹೀರಾತಿನ ಕಾರ್ಡಿನ ಮೇಲೆ ಟಾರ್ಚ್ ಆ್ಯಪಿನ ಐಕಾನ್! ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿಯೂ ಅದಕ್ಕಿತ್ತು. ಟಾರ್ಚಿಗೆ ಅದೆಲ್ಲ ಯಾಕೆ ಬೇಕು, ಅಲ್ವಾ? ಅನ್‌ಇನ್‌ಸ್ಟಾಲ್ ಮಾಡಿದ ಮೇಲೆ ಒಂದೂ ಬಂದಿಲ್ಲ.

ಫ್ಯಾಕ್ಟರಿ ರೀಸೆಟ್ (ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವುದು) ಮಾಡಿ ಅಂದವರೂ ಇದ್ದರು. ಅದು ಬೇಕಾಗಲಿಲ್ಲ, ಫೋಟೋಗಳೆಲ್ಲ ಹಾಗೇ ಇವೆ.