ಕೋರ್ ಜಾಸ್ತಿ ಮಾಡಿದರೂ ನಾರ್ನೆ ಮಾಡೆಲ್ ಬೇಗ ಮುಗಿಯುತ್ತಿಲ್ಲ, ಯಾಕೆ?

ಮರಳುಗಲ್ಲು:
ಎಂ.ಟೆಕ್ ಪ್ರಾಜೆಕ್ಟ್‌ಗೆ ಒಪಿಎಂ ಫ್ಲೋ (ತೈಲ ನಿಕ್ಷೇಪದ ಸಿಮ್ಯುಲೇಟರ್) ಬಳಸುತ್ತಿದ್ದೇನೆ. ನಾರ್ವೆಯ ನಾರ್ನೆ ತೈಲ ನಿಕ್ಷೇಪದ ಮಾಡೆಲ್ ಎಲ್ಲರಿಗೂ ಸಿಗುತ್ತದಲ್ವಾ, ಅದೇ. 46×112×22 ಗ್ರಿಡ್, ಲೆಕ್ಕಕ್ಕೆ ಬರುವ ಸೆಲ್ (ಗ್ರಿಡ್‌ನ ತುಂಡು) 44,431. ಒಂದು ಕೋರ್‌ನಿಂದ ನಾಲ್ಕಕ್ಕೆ ಹೋದಾಗ ಸಮಯ ಚೆನ್ನಾಗಿ ಇಳಿಯಿತು. ಎಂಟಕ್ಕೆ ಸ್ವಲ್ಪ. ಹದಿನಾರು ಕೊಟ್ಟರೆ ಎಂಟಕ್ಕಿಂತಲೂ ನಿಧಾನ! ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ.

ಟರ್ಮಿನಲ್:
ನಿಜವಾಗಿ 16 ಕೋರ್ ಇದೆಯಾ? ಎಲ್‌ಎಸ್‌ಸಿಪಿಯು ಕಮಾಂಡ್ ಹಾಕಿ, ಒಂದು ಕೋರ್‌ಗೆ ಎಷ್ಟು ಥ್ರೆಡ್ ಎಂದು ನೋಡಿ.

ಮರಳುಗಲ್ಲು:
ಎರಡು. ಅಂದರೆ ಹದಿನಾರು ಥ್ರೆಡ್, ಇರುವುದು ಎಂಟೇ ಕೋರ್. ಆದರೆ ಎಂಟರಲ್ಲೂ ಯಾಕೆ ಹೆಚ್ಚು ಲಾಭ ಇಲ್ಲ?

ಒತ್ತಡರೇಖೆ:
ಈ ಕೆಲಸದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ನಾನೂ ಮೊದಲು ಎಡವಿದ್ದು ಇಲ್ಲೇ.

ಗ್ರಿಡ್ ಹಂಚುವುದು ಗದ್ದೆ ಪಾಲು ಮಾಡಿದ ಹಾಗೆ. ಪ್ರತಿ ಕೋರ್‌ಗೂ ಒಂದು ಪಾಲು. ಆದರೆ ಬದುವಿನ ಆಚೆ ಒತ್ತಡ ಎಷ್ಟು, ನೀರು ಎಷ್ಟು ಎಂದು ಪಕ್ಕದವರನ್ನು ಕೇಳುತ್ತಲೇ ಇರಬೇಕು. ಪಾಲು ಸಣ್ಣದಾದಷ್ಟೂ ಬದುವೇ ಜಾಸ್ತಿ, ಗದ್ದೆ ಕಡಿಮೆ. ನಿಮ್ಮಲ್ಲಿ ಎಂಟು ಕೋರ್‌ಗೆ ತಲಾ ಸುಮಾರು 5,500 ಸೆಲ್. ಇದು ತೀರಾ ಕಡಿಮೆ.

ಇನ್ನೊಂದು ತೊಡಕು ಒತ್ತಡದ್ದು. ನೀರು ಕಲ್ಲಿನೊಳಗೆ ನಿಧಾನವಾಗಿ ಸರಿಯುತ್ತದೆ, ಅದು ಅಕ್ಕಪಕ್ಕದ ವ್ಯವಹಾರ. ಒತ್ತಡ ಹಾಗಲ್ಲ. ಒಂದು ಬಾವಿಯಲ್ಲಿ ನೀರು ತುಂಬಿದರೆ ದೂರದ ಸೆಲ್‌ಗೂ ಅದು ಬೇಗ ಮುಟ್ಟುತ್ತದೆ. ಐಎಲ್‌ಯು ಪ್ರೀಕಂಡಿಷನರ್ (ಸಮೀಕರಣ ಬೇಗ ಬಿಡಿಸಲು ಅದನ್ನು ಹದಮಾಡುವ ವಿಧಾನ) ತನ್ನ ಪಾಲಿನೊಳಗಷ್ಟೇ ನೋಡುತ್ತದೆ. ಹಾಗಾಗಿ ಪಾಲು ಹೆಚ್ಚಿದಂತೆ ಸಮೀಕರಣ ಬಿಡಿಸುವ ಸಾಲ್ವರ್ ಸುತ್ತುವುದೂ (ಇಟರೇಷನ್) ಹೆಚ್ಚುತ್ತದೆ. ರನ್ ಮುಗಿದಾಗ ಕೊನೆಯಲ್ಲಿ 'ಓವರಾಲ್ ಲೀನಿಯರ್ ಇಟರೇಷನ್ಸ್' ಎಂಬ ಸಾಲು ಬರುತ್ತದೆ. ಒಂದು ಕೋರ್‌ನ ಸಂಖ್ಯೆ, ಎಂಟರ ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ. ಸಿಪಿಆರ್ ಎಂಬ ಇನ್ನೊಂದು ಪ್ರೀಕಂಡಿಷನರ್ ಹಾಕಿದರೆ ಅದು ಒತ್ತಡವನ್ನು ಬೇರೆಯಾಗಿ, ಇಡೀ ಗ್ರಿಡ್ ಮೇಲೆ ಬಿಡಿಸುತ್ತದೆ. ನಾನು ಅದನ್ನು ಬಿಟ್ಟು ಬೇರೆ ಮುಟ್ಟುವುದೇ ಇಲ್ಲ.

ಮೆಮೊರಿಯನ್ನೂ ಮರೆಯಬೇಡಿ. ಸಮೀಕರಣಗಳ ಮ್ಯಾಟ್ರಿಕ್ಸ್ ಓದುವುದೇ ದೊಡ್ಡ ಕೆಲಸ, ಲೆಕ್ಕ ಸ್ವಲ್ಪ. ಎಂಟೂ ಕೋರ್ ಒಂದೇ ದಾರಿಯಲ್ಲಿ ಡೇಟಾ ತರುತ್ತವೆ.

2017ರಲ್ಲಿ ಎಕ್ಸಾನ್‌ಮೊಬಿಲ್‌ನವರು ಇಂಥದ್ದೇ ನಿಕ್ಷೇಪದ ಲೆಕ್ಕಕ್ಕೆ ಅಮೆರಿಕದ ಬ್ಲೂ ವಾಟರ್ಸ್ ಸೂಪರ್ ಕಂಪ್ಯೂಟರ್‌ನ 7,16,800 ಪ್ರೊಸೆಸರ್ ಒಟ್ಟಿಗೆ ಬಳಸಿದ್ದರು. ಅಷ್ಟಕ್ಕೂ ಕೆಲಸ ಸಿಗಬೇಕಾದರೆ ಮಾಡೆಲ್ ಎಷ್ಟು ದೊಡ್ಡದಿರಬೇಕು, ಯೋಚಿಸಿ. ನೀವು ಎಸ್‌ಪಿಇ10ರ (ಸಿಮ್ಯುಲೇಟರ್‌ಗಳನ್ನು ಹೋಲಿಸಲು ಬಳಸುವ ಪರೀಕ್ಷೆ) ಎರಡನೇ ಮಾಡೆಲ್ ಹಾಕಿ: 60×220×85, ಅಂದರೆ 11,22,000 ಸೆಲ್. ಕೋರ್ ಹೆಚ್ಚಿಸಿದ್ದರ ಫಲ ಅಲ್ಲಿ ಕಾಣುತ್ತದೆ.

ಮರಳುಗಲ್ಲು:
ನೋಡಿದೆ ಸರ್. ಎಂಟು ಕೋರ್‌ಗೆ ಇಟರೇಷನ್ ನಿಜಕ್ಕೂ ಜಾಸ್ತಿ ಇದೆ! ಸಿಪಿಆರ್ ಹಾಕಿದ ಮೇಲೆ ತುಂಬಾ ಇಳಿಯಿತು. ಎಸ್‌ಪಿಇ10 ಈಗ ಓಡುತ್ತಿದೆ, ಬೆಳಗ್ಗೆ ಸಮಯ ಹಾಕುತ್ತೇನೆ.