ಲ್ಯಾಬಿನ ನೈಟ್ರೋಜನ್ ಜನರೇಟರ್: ವರ್ಷಕ್ಕೊಮ್ಮೆ ಫಿಲ್ಟರ್ ಬದಲಿಸಿದರೆ ಸಾಕೇ?

ಪ್ರಶ್ನೆ, ಧಾರವಾಡದಿಂದ:
ನಮಸ್ಕಾರ. ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಆಹಾರ ಪರೀಕ್ಷಾ ಲ್ಯಾಬ್. ಹೆಚ್ಚಿನ ಸ್ಯಾಂಪಲ್ ಬ್ಯಾಡಗಿ ಮೆಣಸಿನಕಾಯಿಯವು. ಕೀಟನಾಶಕದ ಉಳಿಕೆ, ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಬರುವ ವಿಷ) ನೋಡುತ್ತೇವೆ. ಇವನ್ನು ಅಳೆಯುವ ಎಲ್‌ಸಿ-ಎಂಎಸ್ ಉಪಕರಣಕ್ಕೆ ನೈಟ್ರೋಜನ್ ಸಿಲಿಂಡರ್ ತರಿಸಿ ತರಿಸಿ ಸಾಕಾಗಿ, ಕಂಪ್ರೆಸರ್ ಒಳಗೇ ಇರುವ ಪಿಎಸ್‌ಎ (ಒತ್ತಡ ಏರಿಳಿಸಿ ಗಾಳಿಯಿಂದ ನೈಟ್ರೋಜನ್ ಬೇರ್ಪಡಿಸುವ) ಜನರೇಟರ್ ತಂದೆವು. ವಾರಂಟಿ ಮುಗಿಯುತ್ತ ಬಂತು. ವರ್ಷಕ್ಕೊಮ್ಮೆ ಬಂದು ಫಿಲ್ಟರ್ ಬದಲಿಸುವುದಕ್ಕೆ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಕೊಟೇಶನ್ ಬಂದಿದೆ. ಅಷ್ಟೇ ಸಾಕಾ? ಇನ್ನೊಂದು, ಈಗೀಗ ಮಧ್ಯಾಹ್ನ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಬೆಳಿಗ್ಗೆ ಹಾಗಿರುವುದಿಲ್ಲ. ನಡೆಸಿ ಗೊತ್ತಿದ್ದವರು ಹೇಳಿ.

ಉತ್ತರ, ಹುಬ್ಬಳ್ಳಿಯಿಂದ (ಉಪಕರಣ ಸರ್ವಿಸ್ ಕೆಲಸ):
ಮೇಡಂ, ಮೊದಲು ಕ್ಯಾಲೆಂಡರ್ ಬಿಟ್ಟು ಗಂಟೆ ಮೀಟರ್ ನೋಡೋದು ರೂಢಿ ಮಾಡ್ಕೊಳ್ಳಿ. ವರ್ಷಕ್ಕೆ 8,760 ಗಂಟೆ. ಒಳಗಿರುವ ಆಯಿಲ್ ಇಲ್ಲದ ಪಿಸ್ಟನ್ ಕಂಪ್ರೆಸರ್‌ಗೆ ಸೀಲ್ ಬದಲಿಸಿ ರೀಬಿಲ್ಡ್ ಮಾಡುವ ಹೊತ್ತು ಮಾದರಿ ನೋಡಿ 4,000ದಿಂದ 8,000 ಗಂಟೆಯೊಳಗೆ ಬರುತ್ತದೆ. ಹಗಲು ಮಾತ್ರ ಓಡಿಸುವ ಕಾಲೇಜಿಗೆ ಅದು ಎರಡು-ಮೂರು ವರ್ಷ. ರಾತ್ರಿಯೂ ಸ್ಯಾಂಪಲ್ ಹಚ್ಚುವ ಲ್ಯಾಬಿಗೆ ವರ್ಷದೊಳಗೇ. ‘ವರ್ಷಕ್ಕೊಮ್ಮೆ ಬರುತ್ತೇವೆ’ ಅನ್ನೋ ಮಾತು ಇಬ್ಬರಿಗೂ ಒಂದೇ ಆಗೋದು ಹೆಂಗೆ?

ಮಧ್ಯಾಹ್ನದ ತೊಂದರೆಗೆ ನನ್ನ ಮೊದಲ ಅನುಮಾನ ಕೋಣೆಯ ಮೇಲೆ. ಈ ಯಂತ್ರ ತಾನಿರುವ ಕೋಣೆಯ ಗಾಳಿಯನ್ನೇ ಎಳೆದು, ಆಕ್ಸಿಜನ್ ತೆಗೆದು, ನೈಟ್ರೋಜನ್ ಕೊಡುತ್ತದೆ. ಎಳೆಯುವ ಗಾಳಿ ಬಿಸಿಯಿದ್ದರೆ ಪಿಸ್ಟನ್ನಿನ ಒಂದೊಂದು ಹೊಡೆತಕ್ಕೆ ಸಿಗುವ ಗಾಳಿಯೇ ಕಡಿಮೆ, ಒಳಗಿನ ಕಾರ್ಬನ್ ಮಾಲಿಕ್ಯುಲರ್ ಸೀವ್ (ಸಣ್ಣ ರಂಧ್ರಗಳ ಕಾರ್ಬನ್ ಕಾಳು) ಆಕ್ಸಿಜನ್ ಹಿಡಿದಿಡುವುದೂ ಕಡಿಮೆ. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಎಸಿ ಇಲ್ಲದ ಕೋಣೆ ಎಷ್ಟು ಕಾಯುತ್ತದೆ ಅಂತ ನಿಮಗೇ ಗೊತ್ತು. ಇಂಥ ಯಂತ್ರಗಳ ಕೈಪಿಡಿಯಲ್ಲಿ ಮಿತಿ ಬಹಳಷ್ಟು ಸಲ 35 ಡಿಗ್ರಿ ಅಂತಿರುತ್ತದೆ. ಹಿಂದೆ ಗೋಡೆ ತಗಲಿಸಿ ನಿಲ್ಲಿಸಿದ್ದರೆ ಯಂತ್ರ ತನ್ನದೇ ಬಿಸಿಗಾಳಿಯನ್ನು ತಿರುಗಿ ಎಳೆದುಕೊಳ್ಳುತ್ತದೆ. ಒಂದು ಥರ್ಮಾಮೀಟರನ್ನು ಗಾಳಿ ಎಳೆಯುವ ಬಾಯಿಯ ಹತ್ತಿರವೇ ಇಡಿ. ಕೋಣೆಯ ಬಾಗಿಲಲ್ಲಿ ಇಟ್ಟರೆ ಪ್ರಯೋಜನವಿಲ್ಲ.

ಎತ್ತರವನ್ನೂ ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲಿದೆ, ವಾಯು ಒತ್ತಡ ಶೇಕಡಾ 8ರಷ್ಟು ಕಡಿಮೆ. ಬ್ರೋಷರ್‌ನಲ್ಲಿ ಬರೆದ ಲೀಟರ್ ಪೂರ್ತಿ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ.

ಫಿಲ್ಟರ್ ಬಗ್ಗೆ: ಕಂಪ್ರೆಸರ್ ಆದ ಮೇಲೆ ನೀರು ಹಿಡಿಯುವ ಫಿಲ್ಟರ್ ಇರುತ್ತದೆ, ಕೆಳಗೆ ಆಟೊ ಡ್ರೈನ್. ಜೂನ್‌ನಿಂದ ಸೆಪ್ಟೆಂಬರ್ ತನಕ ಇದೇ ಮುಖ್ಯ. ಡ್ರೈನ್ ಕಟ್ಟಿಕೊಂಡರೆ ನೀರು ನೇರ ಸೀವ್‌ಗೆ ಹೋಗುತ್ತದೆ. ಸೀವ್ ಹಾಳಾದರೆ ಅದನ್ನು ತುಂಬಿದ ಕೊಳವೆ, ಅಂದರೆ ಕಾಲಮ್ಮೇ ಬದಲಿಸಬೇಕು, ಆ ಬಿಲ್ಲು ನೋಡಿದವರಿಗೆ ಫಿಲ್ಟರಿನ ರೇಟು ಜಾಸ್ತಿ ಅನ್ನಿಸೋದಿಲ್ಲ. ಮಳೆಗಾಲದಲ್ಲಿ ಡ್ರೈನ್ ಬಾಟಲಿಗೆ ನೀರು ಬೀಳದಿದ್ದರೆ ಖುಷಿಪಡಬೇಡಿ, ಡ್ರೈನ್ ಬಿಚ್ಚಿಸಿ ನೋಡಿ.

ಸೈಲೆನ್ಸರ್ ಮರೆತವರೇ ಹೆಚ್ಚು. ಪಿಎಸ್‌ಎಯಲ್ಲಿ ಒಂದು ಕಾಲಮ್ ಆಕ್ಸಿಜನ್ ಹಿಡಿಯುವಾಗ ಇನ್ನೊಂದು ತಾನು ಹಿಡಿದಿದ್ದನ್ನು ಸೈಲೆನ್ಸರ್ ಮೂಲಕ ಹೊರಗೆ ಬಿಡುತ್ತದೆ. ಅದು ಕಟ್ಟಿದರೆ ಕಾಲಮ್ ಪೂರ್ತಿ ಖಾಲಿ ಆಗುವುದಿಲ್ಲ, ಪ್ಯೂರಿಟಿ ಇಳಿಯುತ್ತದೆ. ‘ಬುಸ್’ ಅನ್ನುವ ಸದ್ದು ಮೊದಲಿಗಿಂತ ಮೆತ್ತಗಾಯಿತು, ಉದ್ದವಾಯಿತು ಅಂದರೆ ಅನುಮಾನಪಡಿ. ಅದರ ಬಾಯಲ್ಲಿ ಕಪ್ಪು ಪುಡಿ ಕಂಡರೆ ಸೀವ್ ಪುಡಿಯಾಗುತ್ತಿದೆ ಅಂತ ಅರ್ಥ, ಕೂಡಲೇ ಕಂಪನಿಗೆ ಫೋನ್ ಮಾಡಿ.

ಉತ್ತರ, ಗದಗದಿಂದ (ಕಾಲೇಜು ಲ್ಯಾಬ್):
ನಮ್ಮದು ಮೆಂಬ್ರೇನ್ ಯಂತ್ರ, ಪೊರೆಯ ಮೂಲಕ ಗಾಳಿ ಸೋಸುವುದು. ವಾಲ್ವ್ ಅದಲು ಬದಲು ಇಲ್ಲ, ಸೀವ್ ಇಲ್ಲ, ತಾಪತ್ರಯ ಕಡಿಮೆ. ಆದರೆ ಪ್ಯೂರಿಟಿ ಶೇಕಡಾ 99ರ ಆಸುಪಾಸು, ಗ್ಯಾಸ್ ಹೆಚ್ಚು ಎಳೆದಷ್ಟೂ ಇಳಿಯುತ್ತದೆ. ಎಲ್‌ಸಿ-ಎಂಎಸ್ ಸೋರ್ಸ್‌ಗೆ (ಸ್ಯಾಂಪಲ್ ಆವಿಯಾಗುವ ಭಾಗ) ನಡೆಯುತ್ತದೆ, ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ) ಉಪಕರಣದ ಕಾಲಮ್‌ಗೆ ಕೊಡಲೇಬಾರದು. ಹೊರಗಿನ ಕಂಪ್ರೆಸರ್‌ನಿಂದ ಗಾಳಿ ಬರುವವರು ಆಯಿಲ್ ಆವಿ ಹಿಡಿಯುವ ಕಾರ್ಬನ್ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿ. ಆಯಿಲ್ ಹೊಕ್ಕ ಮೆಂಬ್ರೇನ್ ತೊಳೆದು ಸರಿ ಮಾಡೋಕೆ ಬರೋದಿಲ್ಲ.

ಉತ್ತರ, ಹಾವೇರಿಯಿಂದ:
ಸಿಲಿಂಡರ್ ಪೂರ್ತಿ ಬಿಟ್ಟುಬಿಡಬ್ಯಾಡ್ರಿ, ಇಷ್ಟ ನಾ ಹೇಳೋದು. ಜನರೇಟರ್ ಕೆಟ್ಟರ ಇಂಜಿನಿಯರ್ ಬೆಂಗಳೂರಿಂದ ಬರಬೇಕು, ಪಾರ್ಟ್ ಇನ್ನೆಲ್ಲಿಂದಲೋ ಬರಬೇಕು. ಮೆಣಸಿನಕಾಯಿ ಸೀಸನ್ನಿನ್ಯಾಗ ರಿಪೋರ್ಟ್ ತಡ ಆದ್ರ ಮಾಲು ಲಾರಿ ಹತ್ತಂಗಿಲ್ಲ, ವ್ಯಾಪಾರಸ್ಥರು ಬಂದು ಕುಂದರ್ತಾರ. ಕಪ್ಪು ಕುತ್ತಿಗಿ ಬೂದಿ ಬಣ್ಣದ ದೊಡ್ಡ ಸಿಲಿಂಡರ್‌ನ್ಯಾಗ 7 ಘನ ಮೀಟರ್ ಗ್ಯಾಸ್ ಇರ್ತದ. ನಿಮಿಷಕ್ಕ 20 ಲೀಟರ್ ಎಳದ್ರ ಆರು ತಾಸೂ ಬರಂಗಿಲ್ಲ. ಒಂದು ದಿನಕ್ಕ ನಾಕು ಬೇಕು. ಹಂಗಂತ ನಾಕೂ ಒಳಗ ತಂದು ಇಟ್ಗೋಬ್ಯಾಡ್ರಿ ಮತ್ತ; ಮುಚ್ಚಿದ ಕೋಣ್ಯಾಗ ಸೋರಿದ್ರ ವಾಸನಿ ಬರಂಗಿಲ್ಲ, ಉಸಿರಿಗೆ ಕುತ್ತು. ಹೊರಗ ನೆರಳಿನ್ಯಾಗ ಸರಪಳಿ ಹಾಕಿ ನಿಲ್ಲಿಸಿ ಪೈಪ್ ಒಳಗ ತಗೊಳ್ರಿ.

ಇನ್ನ ಕರೆಂಟ್. ಹೋಗಿ ಬಂದ ಕೂಡ್ಲೆ ಕಂಪ್ರೆಸರ್ ಒತ್ತಡದ ಮ್ಯಾಲ ಶುರು ಆಗಾಕ ಒದ್ದಾಡ್ತದ. ಸ್ಟೆಬಿಲೈಸರ್ ಬೇರೆ ಇಡ್ರಿ. ಯುಪಿಎಸ್‌ಗೆ ಹಚ್ಚೂದಿದ್ರ ಸ್ಟಾರ್ಟಿಂಗ್ ಕರೆಂಟ್ ಎಷ್ಟು ಅಂತ ಮೊದಲ ಕೇಳ್ರಿ, ಇಲ್ಲಂದ್ರ ಎಂಎಸ್‌ನೂ ಕೂಡೇ ಬಂದ್ ಆಗ್ತದ.

ಉತ್ತರ, ಧಾರವಾಡದಿಂದ (ಖರೀದಿ ವಿಭಾಗದಲ್ಲಿದ್ದವರು):
ಎಎಂಸಿ ಅಂದರೆ ಸಾಮಾನ್ಯವಾಗಿ ಬಂದು ಹೋಗುವ ಖರ್ಚು ಮತ್ತು ಕೂಲಿ. ಪಾರ್ಟ್ ಸೇರುವುದು ಸಿಎಂಸಿ ಎನ್ನುವ ಸಮಗ್ರ ಒಪ್ಪಂದದಲ್ಲಿ. ಅದರಲ್ಲೂ ಕಂಪ್ರೆಸರನ್ನು ಸವೆಯುವ ಸಾಮಾನು ಅಂತ ಬರೆದು ಹೊರಗಿಟ್ಟಿರುತ್ತಾರೆ. ಮೂರು ವಿಷಯ ಲಿಖಿತವಾಗಿ ಕೇಳಿ: ಕಂಪ್ರೆಸರ್ ರೀಬಿಲ್ಡ್ ಸೇರಿದೆಯೋ ಇಲ್ಲವೋ, ಕೆಟ್ಟಾಗ ಎಷ್ಟು ದಿನದೊಳಗೆ ಬರುತ್ತಾರೆ, ಸರ್ವಿಸ್ ಆದ ಮೇಲೆ ಆಕ್ಸಿಜನ್ ಅನಲೈಸರ್ ಹಿಡಿದು ಪ್ಯೂರಿಟಿ ಬರೆದುಕೊಡುತ್ತಾರೋ. ಮೂರನೆಯದಕ್ಕೆ ಒಪ್ಪದವರ ಜೊತೆ ನಾನಾಗಿದ್ದರೆ ಸಹಿ ಹಾಕುತ್ತಿರಲಿಲ್ಲ. ಫಿಲ್ಟರ್ ಕಿಟ್ ಒಂದು ನಿಮ್ಮ ಕಪಾಟಿನಲ್ಲೇ ಇರಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಥರ್ಮಾಮೀಟರ್ ಇಟ್ಟು ನೋಡಿದೆ, ಎಸಿ ಇರುವುದರಿಂದ 27ರ ಮೇಲೆ ಹೋಗಲಿಲ್ಲ. ಆದರೆ ಯಂತ್ರದ ಹಿಂದಿನ ಜಾಲರಿ ಪೂರ್ತಿ ಕೆಂಪಗಾಗಿದೆ, ಪಕ್ಕದ ಕೋಣೆಯಲ್ಲೇ ಮೆಣಸಿನಕಾಯಿ ಪುಡಿ ಮಾಡುವುದು. ಮತ್ತೆ, ಮಧ್ಯಾಹ್ನ ಎಕ್ಸ್‌ಟ್ರಾಕ್ಟ್ ಒಣಗಿಸುವ ಇವ್ಯಾಪೊರೇಟರ್‌ಗೂ ಇದೇ ಲೈನಿನಿಂದ ಗ್ಯಾಸ್ ಹೋಗುತ್ತಿದೆ.

ಹುಬ್ಬಳ್ಳಿಯವರು:
ಹಂಗಾದರೆ ಕೋಣೆಯ ಮೇಲಿನ ನನ್ನ ಅನುಮಾನ ವಾಪಸ್. ಇವ್ಯಾಪೊರೇಟರಿನಲ್ಲಿ ಗ್ಯಾಸ್ ಊದುವ ಸೂಜಿಗಳೆಲ್ಲ ಒಟ್ಟಿಗೆ ತೆರೆದರೆ ಎಲ್‌ಸಿ-ಎಂಎಸ್‌ನಷ್ಟೇ ಗ್ಯಾಸ್ ಎಳೆಯಬಹುದು. ಅದನ್ನು ಸಿಲಿಂಡರಿಗೆ ಹಾಕಿ, ಖಾಲಿ ಸೂಜಿ ಬಂದ್ ಇಡಿ. ಹಾವೇರಿಯವರು ಹೇಳಿದ ಸಿಲಿಂಡರ್ ದಿನಾಲೂ ಉಪಯೋಗಕ್ಕೂ ಬಂತು. ಜಾಲರಿಯನ್ನು ಯಂತ್ರ ಬಂದ್ ಮಾಡಿ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಿರಿ. ಗಾಳಿ ಊದಿದರೆ ಪುಡಿ ಒಳಗೆ ಹೋಗುತ್ತದೆ. ಸೀಸನ್ ಇರುವ ತನಕ ವಾರಕ್ಕೊಮ್ಮೆ ಮಾಡಿ, ಪುಡಿ ಕೋಣೆಯ ಬಾಗಿಲಿಗೆ ಸಂದು ಮುಚ್ಚುವ ಪಟ್ಟಿ ಹಚ್ಚಿಸಿ.

ಆಮೇಲೂ ಕಂಪ್ರೆಸರ್ ನಿಲ್ಲದಿದ್ದರೆ ಸೋರಿಕೆ ಹುಡುಕಿ. ಸಂಜೆ ಎಂಎಸ್ ಕೆಲಸ ಇಲ್ಲದಾಗ, ಅದರ ಕೈಪಿಡಿ ಹೇಳಿದ ಹಾಗೆ ಗ್ಯಾಸ್ ಬಂದ್ ಮಾಡಿ, ಲೈನಿನ ಎರಡೂ ತುದಿಯ ವಾಲ್ವ್ ಮುಚ್ಚಿ ಗೇಜ್ ಓದಿ ಬರೆದಿಡಿ. ಬೆಳಿಗ್ಗೆ ಮುಳ್ಳು ಕೆಳಗಿದ್ದರೆ ಒಂದೊಂದೇ ಜಾಯಿಂಟಿಗೆ ಸೋಪಿನ ನೀರು ಹಚ್ಚಿ ನೋಡಿ. ಗಂಟೆ ಮೀಟರ್ ಎಷ್ಟು ತೋರಿಸುತ್ತಿದೆ ಅಂತ ಇಲ್ಲಿ ಹಾಕಿ, ರೀಬಿಲ್ಡ್ ಈಗ ಬೇಕೋ ಸೀಸನ್ ಆದ ಮೇಲೆ ಸಾಕೋ ಹೇಳುತ್ತೇನೆ.